ಹಳೆಯ ಸೇನಾ ಕೋವಿಯ ಬೆಲೆ ಮತ್ತು ಭರವಸೆಯನ್ನು ಅಳೆಯುವ ಬಗೆ: ಸಮಗ್ರ ಮಾರ್ಗದರ್ಶಿ

ಸೇನೆಯ ಸೇವೆ ಮುಗಿಸಿ, ಶಸ್ತ್ರಾಗಾರಗಳಲ್ಲಿ ದಶಕಗಳ ಕಾಲ ಗ್ರೀಸ್ ಮೆತ್ತಿಕೊಂಡು ಮಲಗಿ, ಕೊನೆಗೆ ಹೆಚ್ಚುವರಿ ಸಾಮಗ್ರಿಯೆಂದು ಮಾರಾಟವಾದ ಕೋವಿಯನ್ನು ಕೈಗೆತ್ತಿಕೊಂಡವರು ಸಾಮಾನ್ಯವಾಗಿ ಕೇಳುವುದು ಒಂದೇ ಪ್ರಶ್ನೆ: ಇದು ಒಳ್ಳೆಯದೇ? ಆ ಪ್ರಶ್ನೆಯೊಳಗೆ ಎರಡು ಬೇರೆ ಬೇರೆ ಪ್ರಶ್ನೆಗಳಿವೆ. ಸಂಗ್ರಾಹಕರು ಇದಕ್ಕೆ ಎಷ್ಟು ಬೆಲೆ ಕಟ್ಟುತ್ತಾರೆ ಎಂಬುದು ಒಂದು; ತೋಟಾ ತುಂಬಿ ಕುದುರೆ (ಟ್ರಿಗರ್) ಎಳೆದರೆ ಇದು ಸುರಕ್ಷಿತವಾಗಿ, ತಪ್ಪದೆ ಕೆಲಸ ಮಾಡುತ್ತದೆಯೇ ಎಂಬುದು ಇನ್ನೊಂದು. ಎರಡರ ಉತ್ತರಗಳು ಎಷ್ಟೋ ಸಲ ಒಂದಕ್ಕೊಂದು ಎದುರಾಗಿ ನಿಲ್ಲುತ್ತವೆ. ಎರಡನೆಯ ಮಹಾಯುದ್ಧದ ನಂತರ ಸೋವಿಯತ್ ಶಸ್ತ್ರಾಗಾರಗಳಲ್ಲಿ ಬಿಚ್ಚಿ, ಸವೆದ ಭಾಗ ಬದಲಿಸಿ, ಹೊಸದಾಗಿ ಬಣ್ಣ ಕಟ್ಟಿ ಜೋಡಿಸಿದ ಮೋಸಿನ್-ನಾಗಾಂತ್ ರೈಫಲ್ ಗುಂಡು ಹಾರಿಸಲು ನೆಚ್ಚಬಹುದಾದ ಸಾಧನ. ಆದರೆ ಅದೇ ರಿಪೇರಿಯಿಂದ ಅದರ ಮೂಲ ರೂಪ ಹೋಗಿರುವುದರಿಂದ ಸಂಗ್ರಾಹಕರು ಅದಕ್ಕೆ ಹೆಚ್ಚು ಕೊಡುವುದಿಲ್ಲ. ಯುದ್ಧಭೂಮಿಯಿಂದ ಹಾಗೆಯೇ ಎತ್ತಿ ತಂದ, ಯಾರೂ ಮುಟ್ಟದ, ಎಲ್ಲ ಭಾಗಗಳ ಮೇಲಿನ ಸರಣಿ ಸಂಖ್ಯೆಗಳೂ ಹೊಂದುವ ರೈಫಲಿಗೆ ಹಲವು ಪಟ್ಟು ಬೆಲೆಯಿದ್ದರೂ ಅದರ ನಳಿಗೆ ಕೊರೆದುಹೋಗಿರಬಹುದು. ಹಾಗಾಗಿ ಮುಂದಿನ ಪ್ರತಿ ಹಂತದಲ್ಲೂ ಕಂಡ ಸಂಗತಿಯನ್ನು ಎರಡು ಲೆಕ್ಕಗಳಲ್ಲಿ ಬರೆದುಕೊಳ್ಳುವುದು ಈ ಮಾರ್ಗದರ್ಶಿಯ ಕ್ರಮ: ಇದರಿಂದ ಬೆಲೆಗೆ ಏನಾಯಿತು, ಭರವಸೆಗೆ ಏನಾಯಿತು.

ಕೈ ಹಾಕುವ ಮೊದಲು

ಕಾನೂನು ದೇಶದಿಂದ ದೇಶಕ್ಕೆ ಬೇರೆ. ಪರವಾನಗಿ ಬೇಕೇ, ಸೇನಾ ಬೋರಿನ (ನಳಿಗೆಯ ಒಳ ಅಳತೆಯ) ಆಯುಧವನ್ನು ಖಾಸಗಿಯವರು ಇಟ್ಟುಕೊಳ್ಳಬಹುದೇ, ನಿಷ್ಕ್ರಿಯಗೊಳಿಸಿದ ಕೋವಿಗೂ ಪ್ರಮಾಣಪತ್ರ ಬೇಕೇ ಎಂಬುದನ್ನು ಮುಂಗಡ ಕೊಡುವ ಮೊದಲೇ ತಿಳಿದುಕೊಳ್ಳಬೇಕು.

ಎರಡನೆಯದು, ಖಾಲಿ ಎಂಬ ಖಾತ್ರಿ. ಮಾರುವವನು "ಖಾಲಿ ಇದೆ" ಎಂದರೂ ಬೋಲ್ಟ್ (ನಳಿಗೆಯ ಹಿಂಬದಿ ಮುಚ್ಚುವ ಉಕ್ಕಿನ ಅಗುಳಿ) ತೆರೆದು, ಮ್ಯಾಗಜೀನ್ (ತೋಟಾ ತುಂಬಿಡುವ ಪೆಟ್ಟಿಗೆ) ನೋಡಿ, ತೋಟಾ ಕೂರುವ ನಳಿಗೆಯ ಹಿಂಭಾಗವಾದ ಚೇಂಬರಿನೊಳಗೆ ಕಿರುಬೆರಳು ಹಾಕಿ ಮುಟ್ಟಿ ನೋಡಬೇಕು. ಮೂತಿಯಿಂದ ಮದ್ದು ತುಂಬುವ ಹತ್ತೊಂಬತ್ತನೆಯ ಶತಮಾನದ ಮಸ್ಕೆಟ್ಟುಗಳ ವಿಷಯದಲ್ಲಿ ಇದು ಇನ್ನೂ ಮುಖ್ಯ. ಗೋಡೆಗೆ ತೂಗುಹಾಕಿದ್ದ ಕೋವಿಯೊಳಗೆ ಹಳೆಯ ಮದ್ದು ಮತ್ತು ಗುಂಡು ಹಾಗೆಯೇ ಉಳಿದಿದ್ದ ಉದಾಹರಣೆಗಳು ಅಪರೂಪವಲ್ಲ. ಮರದ ಸಲಾಕೆಯೊಂದನ್ನು ನಳಿಗೆಯ ತಳದವರೆಗೆ ಇಳಿಸಿ, ಮೂತಿಯ ಮಟ್ಟದಲ್ಲಿ ಗುರುತು ಹಾಕಿ, ಹೊರಗೆ ತೆಗೆದು ನಳಿಗೆಯ ಹೊರಮೈಗೆ ಹಿಡಿದು ನೋಡಿದರೆ ಒಳಗೆ ಏನಾದರೂ ಕೂತಿದೆಯೇ ಎಂಬುದು ತಿಳಿಯುತ್ತದೆ.

ಮಾದರಿ ಯಾವುದು, ತೋಟಾ ಯಾವುದು

ಮಾದರಿಯ ಹೆಸರು ಗೊತ್ತಾದರೆ ತೋಟಾ ಗೊತ್ತಾದಂತೆಯೇ ಎಂದು ಭಾವಿಸುವುದು ಈ ಕ್ಷೇತ್ರದ ಅತ್ಯಂತ ಅಪಾಯಕಾರಿ ಅಭ್ಯಾಸ. ಸೇನೆಗಳು ಹಳೆಯ ಕೋವಿಗಳನ್ನು ಹೊಸ ತೋಟಾಗಳಿಗೆ ಹೊಂದಿಸುತ್ತಲೇ ಬಂದಿವೆ, ಮತ್ತು ಆ ಬದಲಾವಣೆಯ ಸುಳಿವು ಕೆಲವೊಮ್ಮೆ ಒಂದೇ ಒಂದು ಅಕ್ಷರದಲ್ಲಿರುತ್ತದೆ. ಆಸ್ಟ್ರಿಯಾದ ಸ್ಟೈರ್ ಎಂ 95 ರೈಫಲ್ ಮೊದಲು ಹುಟ್ಟಿದ್ದು 8x50 ಮಿಲಿಮೀಟರ್ ರಿಮ್ (ಬುಡದ ಸುತ್ತ ಅಂಚುಳ್ಳ) ತೋಟಾಕ್ಕೆ. 1930ರ ದಶಕದಲ್ಲಿ ಬಹುಪಾಲು ಕೋವಿಗಳನ್ನು ಹೆಚ್ಚು ಶಕ್ತಿಯ 8x56 ತೋಟಾಕ್ಕೆ ಬದಲಿಸಿ ಚೇಂಬರಿನ ಮೇಲೆ ದೊಡ್ಡದಾಗಿ 'ಎಸ್' ಅಕ್ಷರ ಒತ್ತಿದರು. ಆ ಅಕ್ಷರವಿಲ್ಲದ ಕೋವಿಗೆ ಹೊಸ ತೋಟಾ ಹಾಕುವಂತಿಲ್ಲ.

ಜರ್ಮನಿಯ 1888ರ ಕಮಿಷನ್ ರೈಫಲಿನದು ಇನ್ನೂ ಸೂಕ್ಷ್ಮವಾದ ಪ್ರಕರಣ. ಅದರ ಮೂಲ ಗುಂಡಿನ ವ್ಯಾಸ ಸುಮಾರು 8.08 ಮಿಲಿಮೀಟರ್. 1905ರ ಹೊತ್ತಿಗೆ ಬಂದ ಚೂಪು ಮೂತಿಯ 'ಎಸ್' ಗುಂಡಿನ ವ್ಯಾಸ ಸುಮಾರು 8.2 ಮಿಲಿಮೀಟರ್. ತೋಟಾದ ಚಿಪ್ಪು ಎರಡಕ್ಕೂ ಒಂದೇ ಅಳತೆಯದಾದ್ದರಿಂದ ಹೊಸದು ಹಳೆಯ ಚೇಂಬರಿನಲ್ಲಿ ಕೂತುಬಿಡಬಹುದು. ಕುದುರೆ ಎಳೆದಾಗ ಇಕ್ಕಟ್ಟಾದ ನಳಿಗೆಯೊಳಗೆ ದಪ್ಪ ಗುಂಡು ನುಗ್ಗಿ ಒತ್ತಡ ಮಿತಿ ಮೀರುತ್ತದೆ. ಇಂಥ ಕೋವಿಯಲ್ಲಿ ನಳಿಗೆಯ ಒಳವ್ಯಾಸವನ್ನೇ ಅಳೆಸಬೇಕು. ಮೃದುವಾದ ಸೀಸದ ತುಂಡನ್ನು ನಳಿಗೆಯಲ್ಲಿ ತಳ್ಳಿ ಹೊರತೆಗೆದು ಕ್ಯಾಲಿಪರಿನಿಂದ ಅಳೆಯುವುದು, ಚೇಂಬರಿನ ಅಚ್ಚು ತೆಗೆಯುವುದು, ಇವೆರಡೂ ಯಾವುದೇ ಬಂದೂಕು ತಜ್ಞನಿಗೆ ದಿನನಿತ್ಯದ ಕೆಲಸ.

ಕಡಿಮೆ ಒತ್ತಡಕ್ಕೆ ಕಟ್ಟಿದ ಕೋವಿಯನ್ನು ಹೆಚ್ಚು ಒತ್ತಡದ ತೋಟಾಕ್ಕೆ ಹೊಂದಿಸಿದ್ದರೆ ಬೆಲೆಯೂ ಹೋಯಿತು, ಭರವಸೆಯೂ ಹೋಯಿತು. ಬ್ರಿಟಿಷರ .455 ವೆಬ್ಲಿ ರಿವಾಲ್ವರುಗಳ ಸಿಲಿಂಡರಿನ ಹಿಂಬದಿಯನ್ನು ಹೆರೆದು .45 ಎಸಿಪಿ ತೋಟಾ ಹಾಕುವಂತೆ ಮಾಡಿದವು ಅಮೆರಿಕದ ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ. ಸಾಮಾನ್ಯ .45 ತೋಟಾದ ಒತ್ತಡ ಆ ರಿವಾಲ್ವರನ್ನು ಕಾರ್ಖಾನೆಯಲ್ಲಿ ಪರೀಕ್ಷಿಸಿದ ಒತ್ತಡಕ್ಕೇ ಸಮೀಪದ್ದು ಅಥವಾ ಅದನ್ನೂ ಮೀರಿದ್ದು. ಹೀಗಾಗಿ ಪ್ರತಿ ಗುಂಡೂ ಒಂದು ಪರೀಕ್ಷಾ ಗುಂಡಾಗುತ್ತದೆ. ಇದಕ್ಕೆ ಎದುರಾದ ಉದಾಹರಣೆ ಭಾರತದ ಇಷಾಪುರ ಕಾರ್ಖಾನೆಯ 2ಎ ಮತ್ತು 2ಎ1 ರೈಫಲುಗಳು. ನೋಡಲು ಹಳೆಯ .303 ಲೀ-ಎನ್‌ಫೀಲ್ಡಿನಂತೆಯೇ ಇದ್ದರೂ ಅವುಗಳನ್ನು 1960ರ ದಶಕದಲ್ಲಿ 7.62 ನ್ಯಾಟೋ ತೋಟಾಕ್ಕೆಂದೇ, ಉತ್ತಮ ಉಕ್ಕಿನಿಂದ ಹೊಸದಾಗಿ ತಯಾರಿಸಲಾಯಿತು. ಹಳೆಯ .303 ರಿಸೀವರಿಗೆ (ನಳಿಗೆಯೂ ಬೋಲ್ಟೂ ಕೂರುವ ಮುಖ್ಯ ಚೌಕಟ್ಟಿಗೆ) ಯಾರೋ 7.62 ನಳಿಗೆ ಕೂರಿಸಿದ್ದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಹೊರನೋಟಕ್ಕೆ ಕಾಣುವುದಿಲ್ಲ; ಮುದ್ರೆ ಓದಿದವರಿಗೆ ಮಾತ್ರ ಕಾಣುತ್ತದೆ.

ಮುದ್ರೆಗಳನ್ನು ಓದುವುದು

ಸೇನಾ ಕೋವಿಯ ಚರಿತ್ರೆ ಅದರ ಲೋಹದ ಮೇಲೆಯೇ ಬರೆದಿರುತ್ತದೆ. ಒಳ್ಳೆಯ ಬೆಳಕು, ಭೂತಗನ್ನಡಿ ಮತ್ತು ತಾಳ್ಮೆ ಇದ್ದರೆ ಸಾಕು. ಮೊದಲು ತಯಾರಕ ಮತ್ತು ವರ್ಷ. ಜರ್ಮನಿಯ ಕಾರ್ 98ಕೆ ರೈಫಲಿನ ರಿಸೀವರಿನ ಮೇಲೆ ತಯಾರಕನ ಹೆಸರಿನ ಬದಲು ಗುಪ್ತ ಸಂಕೇತವಿರುತ್ತದೆ: 'ಬಿವೈಎಫ್' ಎಂದರೆ ಓಬರ್ನ್‌ಡಾರ್ಫಿನ ಮೌಸರ್ ಕಾರ್ಖಾನೆ, 'ಬಿಎನ್‌ಜೆಡ್' ಎಂದರೆ ಸ್ಟೈರ್. ಸರಣಿ ಸಂಖ್ಯೆ ನಾಲ್ಕಂಕಿ ಮೀರುವುದಿಲ್ಲ. 9999 ಮುಗಿದ ಮೇಲೆ ಸಂಖ್ಯೆಯ ಜೊತೆ ಅಕ್ಷರ ಸೇರುತ್ತಾ ಹೋಗುತ್ತದೆ, ವರ್ಷ ಬದಲಾದಾಗ ಲೆಕ್ಕ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಆದ್ದರಿಂದ ಆ ಅಕ್ಷರವೂ ಸಂಖ್ಯೆಯ ಭಾಗವೇ. ರಿಸೀವರಿನಲ್ಲೂ ಬೋಲ್ಟಿನಲ್ಲೂ ಅಂಕಿಗಳು ಒಂದೇ ಆಗಿದ್ದು ಅಕ್ಷರ ಬೇರೆಯಿದ್ದರೆ ಅವು ಹೊಂದುವ ಸಂಖ್ಯೆಗಳಲ್ಲ.

ಸಂಖ್ಯೆಗಳ ಹೊಂದಾಣಿಕೆಯೇ ಬೆಲೆಯ ಮೊದಲ ಕಂಬ. ಲೀ-ಎನ್‌ಫೀಲ್ಡಿನಲ್ಲಿ ರಿಸೀವರು, ಬೋಲ್ಟಿನ ಹಿಡಿಯ ಹಿಂಭಾಗ, ಹಿಂಗುರಿಯ ಪಟ್ಟಿ, ಮೂತಿಯ ಟೋಪಿ, ಮುಂಭಾಗದ ಮರದ ಅಡಿ, ಇವನ್ನೆಲ್ಲ ನೋಡಬೇಕು. ಕಾರ್ 98ಕೆ ಮತ್ತು ಲೂಗರ್ ಪಿ 08 ಪಿಸ್ತೂಲಿನಲ್ಲಿ ಸಣ್ಣ ಸಣ್ಣ ಭಾಗಗಳ ಮೇಲೂ ಕೊನೆಯ ಎರಡು ಅಂಕಿಗಳಿರುತ್ತವೆ. ಯುದ್ಧದ ಕೊನೆಯ ವರ್ಷಗಳ ರೈಫಲುಗಳಲ್ಲಿ ಈ ಪದ್ಧತಿ ಸಡಿಲವಾಯಿತು. ಹಾಗಾಗಿ 1944ರ ಕೋವಿಯ ಪ್ರತಿ ಸ್ಕ್ರೂವಿನ ಮೇಲೂ ಸಂಖ್ಯೆ ಹೊಂದಿದರೆ ಖುಷಿಪಡುವುದಕ್ಕಿಂತ ಅನುಮಾನ ಪಡುವುದು ಮೇಲು.

ಸಂಖ್ಯೆ ಹೊಂದುತ್ತದೆ ಎಂದ ಮಾತ್ರಕ್ಕೆ ಅದು ಹುಟ್ಟಿನಿಂದ ಹೊಂದಿದೆ ಎಂದಲ್ಲ. ಸೋವಿಯತ್ ಸೇನೆ ವಶಪಡಿಸಿಕೊಂಡ ಕಾರ್ 98ಕೆಗಳನ್ನು ರಾಶಿ ಹಾಕಿ ಬಿಚ್ಚಿ, ಕಲೆಸಿ, ಜೋಡಿಸಿ, ಬೋಲ್ಟಿನ ಮೇಲೆ ವಿದ್ಯುತ್ ಪೆನ್ಸಿಲಿನಿಂದ ಹೊಸ ಸಂಖ್ಯೆ ಗೀಚಿತು. ಹಲವಕ್ಕೆ ರಿಸೀವರಿನ ಮೇಲೆ 'ಎಕ್ಸ್' ಗುರುತೂ ಇದೆ. ಇದು ಪ್ರಾಮಾಣಿಕ ಸೇನಾ ಕೆಲಸವೇ ಹೊರತು ಮೋಸವಲ್ಲ, ಬೆಲೆ ಮಾತ್ರ ಅದಕ್ಕೆ ತಕ್ಕಂತೆ ಕಡಿಮೆ. ಮೋಸವಿರುವುದು ಹಳೆಯ ಸಂಖ್ಯೆಯನ್ನು ಅರೆದು ಹಾಕಿ ಹೊಸದನ್ನು ಒತ್ತುವಲ್ಲಿ. ಅದನ್ನು ಹಿಡಿಯಲು ಭಾಗವನ್ನು ಬೆಳಕಿಗೆ ಓರೆಯಾಗಿ ಹಿಡಿಯಬೇಕು. ಅರೆದ ಜಾಗ ಸುತ್ತಲಿನ ಮಟ್ಟಕ್ಕಿಂತ ತುಸು ತಗ್ಗಾಗಿ ಕಾಣುತ್ತದೆ, ಅಲ್ಲಿನ ಗೀರುಗಳ ದಿಕ್ಕು ಬೇರೆಯಿರುತ್ತದೆ, ಒತ್ತಿದ ಅಂಕಿಯ ಅಂಚು ಇನ್ನೂ ಚೂಪಾಗಿ ಬೆರಳಿಗೆ ತಾಗುತ್ತದೆ. ಜೊತೆಗೆ ಅಂಕಿಯ ಆಕಾರ: ಒಂದೇ ಕಾರ್ಖಾನೆಯ 4ರ ಮೇಲ್ಭಾಗ ತೆರೆದಿದೆಯೇ ಮುಚ್ಚಿದೆಯೇ, 7ರ ಬಾಲ ನೇರವೇ ಬಾಗಿದೆಯೇ ಎಂಬುದು ರಿಸೀವರಿನಲ್ಲೊಂದು, ಬೋಲ್ಟಿನಲ್ಲೊಂದು ಆಗಿರಬಾರದು.

ಕೆಲವು ಮುದ್ರೆಗಳು ಬೆಲೆಗಿಂತ ಹೆಚ್ಚಾಗಿ ಭರವಸೆಯ ಬಗ್ಗೆ ಹೇಳುತ್ತವೆ. ಬ್ರಿಟಿಷ್ ಪದ್ಧತಿಯ ಕೋವಿಯ ಮೇಲೆ 'ಡಿಪಿ' ಎಂದಿದ್ದರೆ ಅದು ಕವಾಯತಿಗೆ ಮಾತ್ರ, ಗುಂಡು ಹಾರಿಸಲು ಅಲ್ಲವೆಂದು ಸೇನೆಯೇ ಬರೆದುಕೊಟ್ಟ ತೀರ್ಪು. ಫಿನ್ಲೆಂಡಿನ ಮೋಸಿನ್ ನಳಿಗೆಯ ಮೇಲಿನ 'ಡಿ' ಅಕ್ಷರ ಅಲ್ಲಿನ ದಪ್ಪ ಗುಂಡಿಗೆ ಚೇಂಬರು ಸರಿಹೊಂದುತ್ತದೆ ಎಂಬುದರ ಗುರುತು. ಚೌಕಟ್ಟಿನೊಳಗಿನ 'ಎಸ್ಎ' ಆ ದೇಶದ ಸೇನೆಯ ಆಸ್ತಿಯೆಂಬುದರದು. ಎಲ್ಲಕ್ಕಿಂತ ಉಪಕಾರಿ ಎಂದರೆ ಸ್ವೀಡನ್ನಿನ 6.5 ಮಿಲಿಮೀಟರ್ ಮೌಸರ್. ಅದರ ಮರದ ಹಿಂಭಾಗದಲ್ಲಿ ಕೂರಿಸಿದ ಹಿತ್ತಾಳೆ ಬಿಲ್ಲೆಯ ಮೇಲೆ ಶಸ್ತ್ರಾಗಾರದವರು ನಳಿಗೆಯ ಒಳವ್ಯಾಸವನ್ನೂ ಸ್ಥಿತಿಯನ್ನೂ 1ರಿಂದ 3ರವರೆಗಿನ ದರ್ಜೆಯಲ್ಲಿ ಗುರುತಿಸಿದ್ದಾರೆ. 1 ಎಂದರೆ ಉತ್ತಮ. ಆದರೆ ಬಿಲ್ಲೆ ಬಿಚ್ಚಿ ಹಾಕಬಹುದಾದ ವಸ್ತು, ಮತ್ತು ಅದು ಹೇಳುವುದು ಕೊನೆಯ ತಪಾಸಣೆಯ ದಿನದ ಸ್ಥಿತಿಯನ್ನು ಮಾತ್ರ.

ಜಪಾನಿನ ಅರಿಸಾಕಾ ರೈಫಲಿನ ರಿಸೀವರಿನ ಮೇಲಿನ ಹದಿನಾರು ದಳಗಳ ಸೇವಂತಿಗೆ ಚಕ್ರವರ್ತಿಯ ಮುದ್ರೆ. 1945ರ ಶರಣಾಗತಿಯ ನಂತರ ಒಪ್ಪಿಸಿದ ಕೋವಿಗಳಲ್ಲಿ ಬಹುಪಾಲಿನ ಮುದ್ರೆಯನ್ನು ಅರೆದು ಹಾಕಲಾಯಿತು. ಹೂವು ಅಳಿಯದೆ ಉಳಿದದ್ದಕ್ಕೆ ಬೆಲೆ ಗಣನೀಯವಾಗಿ ಹೆಚ್ಚು. ಗುಂಡು ಹಾರಿಸುವ ಗುಣಕ್ಕೆ ಅದರಿಂದ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಅಮೆರಿಕದಲ್ಲಿ 1968ರ ಕಾಯ್ದೆಯ ನಂತರ ಆಮದಾದ ಕೋವಿಗಳ ಮೇಲೆ ಆಮದುದಾರನ ಹೆಸರು ಕೆತ್ತಿರುತ್ತದೆ; ಅದು ನಳಿಗೆಯ ಮೇಲೆ ಎದ್ದು ಕಾಣುವಂತಿದ್ದರೆ ಸಂಗ್ರಾಹಕರು ಮೂಗು ಮುರಿಯುತ್ತಾರೆ.

ಮರ ತೆಗೆದು ನೋಡುವುದು

ಮಾರುವವನು ಮರ ಬಿಚ್ಚಲು ಬಿಡುವುದಿಲ್ಲ ಎಂದರೆ, ಬೆಲೆ ಕಟ್ಟುವಾಗ ಅಡಿಯಲ್ಲಿ ಕೆಟ್ಟದ್ದೇ ಇದೆ ಎಂದು ಎಣಿಸಿಕೊಳ್ಳುವುದು ನ್ಯಾಯ. ಒದ್ದೆಯಾದ ಮರ ನೀರು ಹಿಡಿದಿಟ್ಟುಕೊಳ್ಳುವುದರಿಂದ ನಳಿಗೆಯ ಮೇಲ್ಭಾಗ ಹೊಳೆಯುತ್ತಿದ್ದು, ಮರದ ಗೆರೆಯ ಕೆಳಗೆ ಆಳವಾದ ತುಕ್ಕಿನ ಗುಳಿಗಳಿರುವುದು ಸಾಮಾನ್ಯ. ಗುಳಿ ಹೆಚ್ಚು ಆಳವಿಲ್ಲದೆ ನಳಿಗೆಯ ಮಧ್ಯದಲ್ಲಿದ್ದರೆ ಸಹಿಸಬಹುದು; ಚೇಂಬರಿನ ಸುತ್ತ, ರಿಸೀವರಿನ ಉಂಗುರದ ಅಡಿ ಇದ್ದರೆ ಆ ಕೋವಿ ಗೋಡೆಗೆ ಮಾತ್ರ. ಬೆಸುಗೆಯ ಗುರುತನ್ನೂ ಇಲ್ಲೇ ಹುಡುಕಬೇಕು. ನಾಶಪಡಿಸಲೆಂದು ಟಾರ್ಚಿನಿಂದ ಕತ್ತರಿಸಿದ್ದ ರಿಸೀವರುಗಳನ್ನು ಮತ್ತೆ ಬೆಸೆದು ಮಾರಿದ್ದುಂಟು, ಎಂ1 ಗ್ಯಾರಂಡಿನಲ್ಲಿ ವಿಶೇಷವಾಗಿ. ಉಕ್ಕಿನ ಬಣ್ಣ ಒಂದೆಡೆ ಬೇರೆಯಾಗಿ ಕಂಡರೆ, ಯಂತ್ರದ ಗೀರುಗಳು ಅಡ್ಡಡ್ಡ ಕಡಿದುಹೋದರೆ ಮುಂದೆ ನೋಡುವುದೇ ಬೇಡ.

ಮರದಲ್ಲಿ ಬಿರುಕು ಹುಡುಕಬೇಕಾದ ಜಾಗ ರಿಸೀವರಿನ ಬಾಲದ ಹಿಂದೆ ಮತ್ತು ಹಿಮ್ಮೆಟ್ಟುವ ಹೊಡೆತ ಬೀಳುವ ಕಡೆ. ಮರಳು ಕಾಗದ ತಿಕ್ಕಿ ಹೊಳಪು ಕೊಟ್ಟ ಮರ ನೋಡಲು ಚೆಂದ. ಆದರೆ ಶಸ್ತ್ರಾಗಾರದ ಮುದ್ರೆಗಳು ಆ ಧೂಳಿನ ಜೊತೆಗೇ ಹೋಗಿರುತ್ತವೆ. ಲೋಹದ ಅಂಚುಗಳು ಲೋಹಕ್ಕಿಂತ ತಗ್ಗಿದ ಮರದಿಂದ ಎದ್ದು ನಿಂತಿದ್ದರೆ ಮರ ತಿಕ್ಕಿದ್ದಾರೆಂದೇ ಅರ್ಥ. ಸ್ವಿಟ್ಜರ್ಲೆಂಡಿನ ಕೆ31 ಸಿಕ್ಕವರು ಹಿಂಬದಿಯ ಲೋಹದ ತಟ್ಟೆಯನ್ನು ಬಿಚ್ಚಿ ನೋಡಲು ಮರೆಯಬಾರದು, ಅದರಡಿ ಆ ಕೋವಿ ಹೊತ್ತ ಸೈನಿಕನ ಹೆಸರಿನ ಚೀಟಿ ಎಷ್ಟೋ ಸಲ ಹಾಗೆಯೇ ಇರುತ್ತದೆ.

ನಳಿಗೆಯ ಒಳಗೆ

ಗ್ರೀಸ್ ತುಂಬಿದ ನಳಿಗೆಯನ್ನು ನೋಡಿ ತೀರ್ಮಾನಿಸಬಾರದು, ಕೊಳಕು ನಳಿಗೆಯನ್ನೂ ಅಷ್ಟೇ. ಮೊದಲು ದ್ರಾವಕ ಹಾಕಿ, ಹಿತ್ತಾಳೆ ಬ್ರಷ್ ಎಳೆದು, ಒಣ ಬಟ್ಟೆಯಿಂದ ಒರೆಸಬೇಕು. ಕಪ್ಪಾಗಿ ಕಂಡದ್ದು ಇಷ್ಟಕ್ಕೇ ಬೆಳ್ಳಗಾಗುವುದುಂಟು. ಹೊಳೆಯುತ್ತಿದ್ದದ್ದರಲ್ಲಿ ಎಣ್ಣೆ ಹೋದಮೇಲೆ ಗುಳಿ ಕಾಣುವುದೂ ಉಂಟು. ಸುರುಳಿ ಗೀರುಗಳ ತಗ್ಗಿನಲ್ಲಿ ಮಂಜು ಹಿಡಿದಂತಿದ್ದು, ಗೀರುಗಳ ನಡುವೆ ಎದ್ದ ಏಣುಗಳು ಇನ್ನೂ ಚೂಪಾಗಿದ್ದರೆ ಆ ನಳಿಗೆ ಚೆನ್ನಾಗಿಯೇ ಗುರಿ ಹೊಡೆಯಬಲ್ಲದು. ಹೊಳೆಯುತ್ತಲೇ ಏಣುಗಳು ದುಂಡಾಗಿದ್ದರೆ ಹೊಡೆಯಲಾರದು. ಬೆಲೆ ಕಟ್ಟುವವರು ಹೊಳಪಿಗೆ ಕೊಡುವಷ್ಟು ಮಹತ್ವವನ್ನು ಏಣಿಗೆ ಕೊಡುವುದಿಲ್ಲ, ಕೊಳ್ಳುವವನಿಗೆ ಇದು ಒಳ್ಳೆಯ ಅವಕಾಶ. ಒಳಗೆ ಉಂಗುರದ ಹಾಗೆ ಕಪ್ಪು ನೆರಳೊಂದು ಕಂಡರೆ ಮಾತ್ರ ಅದು ನಳಿಗೆ ಉಬ್ಬಿದ ಗುರುತು. ಅಲ್ಲಿ ಎಂದೋ ಏನೋ ಸಿಕ್ಕಿಕೊಂಡಿದ್ದಾಗ ಗುಂಡು ಹಾರಿದೆ.

ಈ ಗುಳಿಗಳೆಲ್ಲ ಬಂದದ್ದು ಬಹುಮಟ್ಟಿಗೆ ಹಳೆಯ ಪ್ರೈಮರುಗಳಿಂದ (ತೋಟಾದ ಬುಡದಲ್ಲಿ ಪೆಟ್ಟಿಗೆ ಸಿಡಿದು ಮದ್ದು ಹೊತ್ತಿಸುವ ಬಿಲ್ಲೆಗಳಿಂದ). ಅವುಗಳಲ್ಲಿದ್ದ ಪೊಟ್ಯಾಸಿಯಂ ಕ್ಲೋರೇಟ್ ಉರಿದ ಮೇಲೆ ಪೊಟ್ಯಾಸಿಯಂ ಕ್ಲೋರೈಡ್ ಎಂಬ ಲವಣವಾಗಿ ನಳಿಗೆಯಲ್ಲಿ ಕೂರುತ್ತದೆ, ಗಾಳಿಯ ತೇವ ಹೀರುತ್ತದೆ, ತುಕ್ಕು ಹಿಡಿಸುತ್ತದೆ. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿ ಕರಗುತ್ತದೆ. ಹಾಗಾಗಿ ಹಳೆಯ ಸೇನಾ ತೋಟಾ ಹಾರಿಸಿದ ದಿನವೇ ಬಿಸಿನೀರು ಹೊಯ್ದು ತೊಳೆದು, ಒಣಗಿಸಿ, ನಂತರ ಎಣ್ಣೆ ಹಚ್ಚುವುದು ಕ್ರಮ. ಬರೀ ಎಣ್ಣೆ ಹಚ್ಚಿಟ್ಟವರ ಕೋವಿಗಳನ್ನು ನಳಿಗೆ ನೋಡಿದರೇ ಗುರುತಿಸಬಹುದು. .303ರಲ್ಲಿ ಬಳಸುತ್ತಿದ್ದ ಕಾರ್ಡೈಟ್ ಮದ್ದು ಬಹಳ ಬಿಸಿಯಾಗಿ ಉರಿಯುತ್ತಿದ್ದುದರಿಂದ ಚೇಂಬರಿನ ಮುಂದಿನ ಗಂಟಲು ಭಾಗ ಬೇಗ ಕೊರೆದುಹೋಗುತ್ತಿತ್ತು. ಅಲ್ಲಿ ಬೆಳಕು ಬಿಟ್ಟು ನೋಡಬೇಕು.

ಇನ್ನು ಮೂತಿ. ಸೈನಿಕರು ಉಕ್ಕಿನ ಸಲಾಕೆಯನ್ನು ಮೂತಿಯಿಂದಲೇ ತುರುಕಿ ಶುಚಿಮಾಡುತ್ತಿದ್ದುದರಿಂದ ಸವೆತ ಮೊದಲು ಕಾಣುವುದು ಅಲ್ಲಿ. ಮದ್ದಿಲ್ಲದ ಡಮ್ಮಿ ತೋಟಾವನ್ನು ತಲೆಕೆಳಗಾಗಿ ಮೂತಿಗೆ ಇಳಿಸಿದಾಗ ಚಿಪ್ಪಿನ ಬಾಯಿಗೂ ಮೂತಿಗೂ ನಡುವೆ ಗುಂಡಿನ ಭಾಗ ಚೆನ್ನಾಗಿ ಕಾಣುತ್ತಿದ್ದರೆ ಸವೆತ ಕಡಿಮೆ. ಚಿಪ್ಪು ಮೂತಿಗೆ ತಾಗಿಬಿಟ್ಟರೆ ಹೆಚ್ಚು. ಸೋವಿಯತ್ ಶಸ್ತ್ರಾಗಾರಗಳು ಇಂಥ ಮೂತಿಯ ಒಳಭಾಗವನ್ನು ಸ್ವಲ್ಪ ಆಳದವರೆಗೆ ಕೊರೆದು ಅಗಲಿಸಿ, ಗುಂಡು ಹೊರಬೀಳುವ ಅಂಚು ಒಳಗೆ ಹೊಸದಾಗಿ ಬರುವಂತೆ ಮಾಡುತ್ತಿದ್ದವು. ಹೊರಗಿನಿಂದ ನೋಡಿದವರು ನಳಿಗೆ ಪೂರ್ತಿ ಸವೆದಿದೆಯೆಂದು ಗಾಬರಿಯಾಗುತ್ತಾರೆ. ವಾಸ್ತವದಲ್ಲಿ ಅದು ಗುರಿಯನ್ನು ಉಳಿಸಿದ ರಿಪೇರಿ. ಅದಿಲ್ಲದ, ಮೂತಿ ಸವೆದ ಇನ್ನೊಂದು ಕೋವಿಗಿಂತ ಹಾರಿಸುವವನಿಗೆ ಇದೇ ಲೇಸು.

ಹೆಡ್‌ಸ್ಪೇಸ್

ಬೋಲ್ಟಿನ ಮುಖಕ್ಕೂ, ಚೇಂಬರಿನಲ್ಲಿ ತೋಟಾ ಮುಂದಕ್ಕೆ ಹೋಗದಂತೆ ತಡೆಯುವ ಜಾಗಕ್ಕೂ ನಡುವಿನ ಅಂತರವೇ ಹೆಡ್‌ಸ್ಪೇಸ್. ಅದು ಹೆಚ್ಚಾದರೆ ಹಿತ್ತಾಳೆಯ ಚಿಪ್ಪು ಹಿಂದಕ್ಕೆ ಎಳೆದುಕೊಂಡು ಬುಡದ ಹತ್ತಿರ ಹರಿಯುತ್ತದೆ, ಬಿಸಿ ಅನಿಲ ಹಾರಿಸುವವನ ಮುಖದ ಕಡೆ ಬರುತ್ತದೆ. ಬೋಲ್ಟ್ ಬದಲಾದ ಕೋವಿಯಲ್ಲಿ, ಅಂದರೆ ಸಂಖ್ಯೆ ಹೊಂದದ ಬಹುಪಾಲು ಕೋವಿಗಳಲ್ಲಿ, ಈ ಅಳತೆ ಮಾಡದೆ ಒಂದು ಗುಂಡೂ ಹಾರಿಸಬಾರದು. ಸಂಗ್ರಾಹಕನ ಪ್ರಶ್ನೆಯೂ ಹಾರಿಸುವವನ ಪ್ರಶ್ನೆಯೂ ಒಂದೇ ಉತ್ತರ ಬಯಸುವ ಅಪರೂಪದ ಜಾಗ ಇದು.

ಅಳೆಯಲು ಬೇಕಾದದ್ದು ಆಯಾ ತೋಟಾಕ್ಕೆಂದು ನಿಖರವಾಗಿ ತಯಾರಿಸಿದ ಉಕ್ಕಿನ ಗೇಜುಗಳು: ಗೋ, ನೋ-ಗೋ ಮತ್ತು ಫೀಲ್ಡ್. ಬೋಲ್ಟಿನಿಂದ ಫೈರಿಂಗ್ ಪಿನ್ (ಪ್ರೈಮರಿಗೆ ಬಡಿಯುವ ಸೂಜಿ) ಜೋಡಣೆಯನ್ನು ತೆಗೆದು, ಸಾಧ್ಯವಿದ್ದಲ್ಲಿ ಚಿಪ್ಪನ್ನು ಹೊರಗೆಳೆಯುವ ಕೊಕ್ಕೆಯಾದ ಎಕ್ಸ್‌ಟ್ರಾಕ್ಟರನ್ನೂ ತೆಗೆದು, ಚೇಂಬರನ್ನು ಚೆನ್ನಾಗಿ ಒರೆಸಿ, ಗೇಜ್ ಇಟ್ಟು ಬೋಲ್ಟಿನ ಹಿಡಿಯನ್ನು ಎರಡು ಬೆರಳಿನಿಂದ ಹಗುರವಾಗಿ ಒತ್ತಬೇಕು. ಬಲ ಹಾಕಿದರೆ ಯಾವ ಬೋಲ್ಟಾದರೂ ಮುಚ್ಚೀತು. ಗೋ ಗೇಜಿನ ಮೇಲೆ ಮುಚ್ಚಬೇಕು. ನೋ-ಗೋ ಮೇಲೆ ಮುಚ್ಚಿಯೂ ಫೀಲ್ಡ್ ಮೇಲೆ ಮುಚ್ಚದಿದ್ದರೆ ಸೇನಾ ಲೆಕ್ಕದಲ್ಲಿ ಇನ್ನೂ ಬಳಕೆಗೆ ಯೋಗ್ಯ. ಫೀಲ್ಡ್ ಮೇಲೂ ಮುಚ್ಚಿದರೆ ಹಾರಿಸುವಂತಿಲ್ಲ. .303ರಂಥ ರಿಮ್ ತೋಟಾಗಳಲ್ಲಿ ಅಳತೆ ಅಂಚಿನ ದಪ್ಪದ ಮೇಲೆ ನಿಂತಿದೆ, ಗೋ 0.064 ಇಂಚು, ಫೀಲ್ಡ್ 0.074 ಇಂಚು. ಲೀ-ಎನ್‌ಫೀಲ್ಡ್ ನಂ. 4ರಲ್ಲಿ ಬೋಲ್ಟಿನ ತಲೆಯನ್ನು ಬಿಚ್ಚಿ ಬದಲಿಸಬಹುದು, ಅದಕ್ಕೆಂದೇ 0ರಿಂದ 3ರವರೆಗೆ ಗುರುತಿಸಿದ, ಉದ್ದ ಹೆಚ್ಚುತ್ತಾ ಹೋಗುವ ತಲೆಗಳಿದ್ದವು. ಈಗಾಗಲೇ 3 ಅಂಕಿಯ ತಲೆ ಹಾಕಿಯೂ ಫೀಲ್ಡ್ ಗೇಜ್ ನುಂಗುವ ರೈಫಲಿಗೆ ಮುಂದೆ ಸರಳ ದಾರಿಯಿಲ್ಲ. ಬೋಲ್ಟನ್ನೇ ಹುಡುಕಿ ಹೊಂದಿಸಬೇಕು.

ಮಾದರಿಯಲ್ಲೇ ಇರುವ ದೋಷಗಳು

ಕೆಲವು ಕೋವಿಗಳಲ್ಲಿ ಎಷ್ಟೇ ಚೆನ್ನಾಗಿ ಕಂಡರೂ ತಿಳಿದಿರಬೇಕಾದ ಹುಟ್ಟುದೋಷಗಳಿವೆ. ಅಮೆರಿಕದ ಎಂ1903 ಸ್ಪ್ರಿಂಗ್‌ಫೀಲ್ಡ್ ರೈಫಲಿನಲ್ಲಿ ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಯ 800,000ಕ್ಕಿಂತ ಕೆಳಗಿನ, ರಾಕ್ ಐಲೆಂಡ್ ಕಾರ್ಖಾನೆಯ 285,507ಕ್ಕಿಂತ ಕೆಳಗಿನ ಸಂಖ್ಯೆಯ ರಿಸೀವರುಗಳು ಸಂಶಯಾಸ್ಪದ. ಕುಲುಮೆಯ ಶಾಖವನ್ನು ಕೆಲಸಗಾರರು ಉಕ್ಕಿನ ಬಣ್ಣ ನೋಡಿ ಅಂದಾಜಿಸುತ್ತಿದ್ದುದರಿಂದ ಕೆಲವು ಅತಿಯಾಗಿ ಸುಟ್ಟು ಪೆಡಸಾಗಿ, ಒಡೆದ ಪ್ರಕರಣಗಳಾದವು. ಯಾವುದು ಸುಟ್ಟದ್ದು ಎಂದು ಕಣ್ಣಿನಿಂದ ಹೇಳಲಾಗದ ಕಾರಣ ಆ ಸಂಖ್ಯೆಗಳ ಕೋವಿಯನ್ನು ಹಾರಿಸದೆ ಸಂಗ್ರಹದಲ್ಲಿಡುವುದೇ ವಿವೇಕ. ಚರಿತ್ರೆಯ ದೃಷ್ಟಿಯಿಂದ ಅವುಗಳಿಗೆ ಬೆಲೆ ಚೆನ್ನಾಗಿಯೇ ಇದೆ.

ಎಡ್ಡಿಸ್ಟೋನ್ ಕಾರ್ಖಾನೆಯ ಎಂ1917ರಲ್ಲಿ ನಳಿಗೆಯನ್ನು ಅತಿ ಬಿಗಿಯಾಗಿ ತಿರುಗಿಸಿ ಕೂರಿಸಿದ್ದರಿಂದ, ಮುಂದೆ ಯಾರಾದರೂ ನಳಿಗೆ ಬದಲಿಸಿದಾಗ ರಿಸೀವರಿನಲ್ಲಿ ಕೂದಲೆಳೆಯ ಬಿರುಕು ಬಿಟ್ಟಿರಬಹುದು. ಕೆನಡಾದ ರಾಸ್ ಮಾರ್ಕ್ 3ರ ಬೋಲ್ಟನ್ನು ತಪ್ಪಾಗಿ ಜೋಡಿಸಲು ಸಾಧ್ಯ, ಹಾಗೆ ಜೋಡಿಸಿದಾಗ ಅದು ಬೀಗ ಹಾಕಿಕೊಳ್ಳದೆಯೇ ಗುಂಡು ಹಾರಿ ಬೋಲ್ಟ್ ಹಿಂದಕ್ಕೆ ಚಿಮ್ಮುತ್ತದೆ. ಜಪಾನಿನ ಟೈಪ್ 94 ಪಿಸ್ತೂಲಿನ ಪಕ್ಕದಲ್ಲಿ ತೆರೆದಿರುವ ಸನ್ನೆಯನ್ನು ಒತ್ತಿದರೆ ಕುದುರೆ ಮುಟ್ಟದೆಯೇ ಗುಂಡು ಹಾರುತ್ತದೆ. ಸುರುಳಿ ಗೀರಿಲ್ಲದ, ಕವಾಯತಿಗೆಂದು ತಯಾರಿಸಿದ ಜಪಾನಿನ ತರಬೇತಿ ರೈಫಲುಗಳು ಸೇನಾ ರೈಫಲಿನಂತೆಯೇ ಕಂಡರೂ ತೋಟಾದ ಒತ್ತಡ ತಡೆಯಲಾರವು.

ಎಸ್‌ಕೆಎಸ್ ಕಾರ್ಬೈನಿನದು (ಸೋವಿಯತ್ ಮೂಲದ, ತಾನೇ ಮರುತುಂಬಿಕೊಳ್ಳುವ ಕೋವಿ) ಹುಟ್ಟುದೋಷಕ್ಕಿಂತ ಶುಚಿಯ ಪ್ರಶ್ನೆ. ಬಹುಪಾಲು ಎಸ್‌ಕೆಎಸ್‌ಗಳ ಫೈರಿಂಗ್ ಪಿನ್ನಿಗೆ ಸ್ಪ್ರಿಂಗ್ ಇಲ್ಲ, ಅದು ಬೋಲ್ಟಿನೊಳಗೆ ಸಡಿಲವಾಗಿ ಓಡಾಡಬೇಕು. ಗೋದಾಮಿನ ಗ್ರೀಸ್ ಗಟ್ಟಿಯಾಗಿ ಅದನ್ನು ಮುಂದೆಯೇ ಹಿಡಿದಿಟ್ಟರೆ ಬೋಲ್ಟ್ ಮುಚ್ಚುವ ಪೆಟ್ಟಿಗೇ ಪ್ರೈಮರ್ ಸಿಡಿದು, ಒಂದಾದ ಮೇಲೊಂದು ಗುಂಡು ತಾನಾಗಿ ಹಾರಬಹುದು. ಬಿಚ್ಚಿ ತೊಳೆದ ಬೋಲ್ಟನ್ನು ಕಿವಿಯ ಹತ್ತಿರ ಅಲ್ಲಾಡಿಸಿದಾಗ ಪಿನ್ ಕಟಕಟ ಎನ್ನಬೇಕು. ಮೋಸಿನ್ ರೈಫಲಿನ ಬೋಲ್ಟ್ ಕೆಲವು ಗುಂಡಿನ ನಂತರ ತೆರೆಯಲು ಹಟ ಹಿಡಿಯುವುದಕ್ಕೂ ಚೇಂಬರಿನಲ್ಲಿ ಉಳಿದ ಅದೇ ಗ್ರೀಸ್ ಕಾರಣ, ಮತ್ತು ಅದನ್ನು ದೋಷವೆಂದು ಬಗೆದು ಅಗ್ಗಕ್ಕೆ ಮಾರುವವರೂ ಇದ್ದಾರೆ.

ಕುದುರೆ, ಸುರಕ್ಷತಾ ಕೀಲಿ, ಸ್ಪ್ರಿಂಗುಗಳ ಪರೀಕ್ಷೆ ಚಿಕ್ಕದು. ಖಾಲಿ ಕೋವಿಯ ಬೋಲ್ಟನ್ನು ಜೋರಾಗಿ ಮುಚ್ಚಿದರೂ, ಹಿಂಬದಿಯನ್ನು ರಬ್ಬರ್ ಹಾಸಿನ ಮೇಲೆ ಕುಟ್ಟಿದರೂ ಸುತ್ತಿಗೆ ಬೀಳಬಾರದು. ಕೀಲಿ ಹಾಕಿ ಕುದುರೆ ಎಳೆದು ಬಿಟ್ಟು, ಕೀಲಿ ತೆಗೆದಾಗಲೂ ಬೀಳಬಾರದು.

ನಕಲಿ ಮತ್ತು ಬೆಲೆಗಾಗಿ ಕಟ್ಟಿದ ಕಥೆ

ಪೇಶಾವರದ ದಕ್ಷಿಣಕ್ಕಿರುವ ದರ್ರಾ ಆದಂ ಖೇಲ್ ಊರಿನ ಕುಶಲಕರ್ಮಿಗಳು ತಲೆಮಾರುಗಳಿಂದ ಬ್ರಿಟಿಷ್ ರೈಫಲುಗಳನ್ನು ಕೈಯಲ್ಲೇ ನಕಲು ಮಾಡುತ್ತಾ ಬಂದಿದ್ದಾರೆ. ಅವರ ಕೈಚಳಕ ಮೆಚ್ಚಬೇಕಾದದ್ದೇ, ಉಕ್ಕು ಮಾತ್ರ ನಂಬುವಂಥದ್ದಲ್ಲ. ಅಕ್ಷರ ಬಾರದವರು ಮುದ್ರೆಯನ್ನು ಚಿತ್ರದಂತೆ ಕೆತ್ತಿದ್ದರಿಂದ 'ಎನ್' ಅಕ್ಷರ ತಿರುವುಮುರುವಾಗಿರುತ್ತದೆ, 'ಎನ್‌ಫೀಲ್ಡ್' ಕಾಗುಣಿತ ತಪ್ಪಿರುತ್ತದೆ. ಕಿರೀಟದ ಕೆಳಗೆ ವಿಕ್ಟೋರಿಯಾ ರಾಣಿಯ 'ವಿ.ಆರ್.' ಇದ್ದು, ಅದರಡಿ 1915 ಅಥವಾ 1917 ಎಂದಿದ್ದರೆ ಬೇರೆ ಪರೀಕ್ಷೆ ಬೇಕಿಲ್ಲ: ರಾಣಿ ತೀರಿಕೊಂಡದ್ದು 1901ರ ಜನವರಿಯಲ್ಲಿ.

ಇದಕ್ಕಿಂತ ನಾಜೂಕಿನ ನಕಲಿಗಳು ಸ್ನೈಪರ್ ರೈಫಲುಗಳಲ್ಲಿವೆ, ಏಕೆಂದರೆ ಸಾಮಾನ್ಯ ಕೋವಿಗೂ ಅದರ ಸ್ನೈಪರ್ ರೂಪಕ್ಕೂ ಬೆಲೆಯ ಅಂತರ ದೊಡ್ಡದು. ಲೀ-ಎನ್‌ಫೀಲ್ಡ್ ನಂ. 4 (ಟಿ) ಅಸಲಿಯಾದರೆ ರಿಸೀವರಿನ ಎಡಬದಿಯಲ್ಲಿ 'ಟಿ', ಮರದ ಕುತ್ತಿಗೆಯ ಮೇಲೆ ದೂರದರ್ಶಕದ ಸಂಖ್ಯೆ, ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿ ಪರಿವರ್ತಿಸಿದ್ದರೆ ಮರದ ಅಡಿಯಲ್ಲಿ 'ಎಸ್51' ಸಂಕೇತ ಇರಬೇಕು, ಮತ್ತು ಆ ಮುದ್ರೆಗಳ ವಯಸ್ಸು ಸುತ್ತಲಿನ ಮರದ ವಯಸ್ಸಿನೊಡನೆ ಹೊಂದಬೇಕು. ಮೋಸಿನ್‌ನಲ್ಲಿ ತಮಾಷೆಯ ತಿರುವೊಂದಿದೆ: ಸ್ನೈಪರ್ ಕೆಲಸದಿಂದ ಬಿಡುಗಡೆಯಾದ ಅಸಲಿ ರೈಫಲುಗಳ ತೂತುಗಳನ್ನು ಸೇನೆಯೇ ಮುಚ್ಚಿ ಬೆಸೆದಿತ್ತು, ಆ ಮುಚ್ಚಿದ ತೂತು ಇರುವ ಸಾದಾ ರೂಪದ ಕೋವಿಗೆ ಹೊಸದಾಗಿ ದೂರದರ್ಶಕ ಹಾಕಿದ ನಕಲಿಗಿಂತ ಹೆಚ್ಚು ಚರಿತ್ರೆಯಿದೆ.

ಅಜ್ಜ ಯುದ್ಧದಿಂದ ತಂದದ್ದು ಎಂಬಂಥ ಮಾತಿಗೆ, ಸಂಖ್ಯೆ ಬರೆದಿರುವ ಅಂದಿನ ಸೇನಾ ಕಾಗದವಿದ್ದರೆ ಮಾತ್ರ ದುಡ್ಡು ಕೊಡಬೇಕು. ಕಾಗದದ ಸಂಖ್ಯೆಯನ್ನು ಕೋವಿಯ ಸಂಖ್ಯೆಗೆ ಅಕ್ಷರಶಃ ಹೋಲಿಸಿ ನೋಡಬೇಕು.

ಮೊದಲ ಗುಂಡು

ಇಷ್ಟೂ ದಾಟಿದ ಕೋವಿಯನ್ನು ಬಂದೂಕು ತಜ್ಞನಿಗೆ ಒಮ್ಮೆ ತೋರಿಸಿದ ಮೇಲೆ, ಹೊಸದಾಗಿ ತಯಾರಾದ, ಆ ಮಾದರಿಗೆ ತಕ್ಕ ಒತ್ತಡದ ತೋಟಾದಿಂದಲೇ ಆರಂಭಿಸಬೇಕು. ಹಳೆಯ ಸೇನಾ ತೋಟಾ ಅಗ್ಗವೆಂದು ಮೊದಲ ಪರೀಕ್ಷೆಗೆ ಬಳಸಿದರೆ ತಪ್ಪು ಕೋವಿಯದೋ ತೋಟಾದ್ದೋ ತಿಳಿಯುವುದಿಲ್ಲ. ಕೋವಿಯನ್ನು ಗಟ್ಟಿಯಾದ ಆಸರೆಗೆ ಕಟ್ಟಿ, ಅಡ್ಡಗೋಡೆಯ ಹಿಂದಿನಿಂದ ಉದ್ದನೆಯ ದಾರ ಎಳೆದು ಒಂದೊಂದೇ ಗುಂಡು ಹಾರಿಸುವುದು ಹಳೆಯ, ಒಳ್ಳೆಯ ಪದ್ಧತಿ. ಪ್ರತಿ ಚಿಪ್ಪನ್ನೂ ಎತ್ತಿ ನೋಡಬೇಕು. ಬುಡದಿಂದ ಸ್ವಲ್ಪ ಮೇಲೆ ಸುತ್ತಲೂ ಹೊಳೆಯುವ ಗೆರೆ ಕಂಡರೆ ಚಿಪ್ಪು ಅಲ್ಲಿ ಹರಿಯಲು ಹೊರಟಿದೆ. ಪ್ರೈಮರ್ ಹಿಂದಕ್ಕೆ ಎದ್ದಿದ್ದರೆ ಹೆಡ್‌ಸ್ಪೇಸ್ ಮತ್ತೆ ನೋಡಬೇಕು. ಚಪ್ಪಟೆಯಾಗಿ ಹರಡಿದ್ದರೆ ಒತ್ತಡ ಹೆಚ್ಚು. ತೂತಾಗಿದ್ದರೆ ಪಿನ್ನಿನ ತುದಿ ಉದ್ದವಾಗಿದೆ ಅಥವಾ ಚೂಪಾಗಿದೆ.

ಬೆಲೆ ಕಟ್ಟುವುದು

ಎರಡು ಲೆಕ್ಕಗಳೂ ಈಗ ಮುಂದಿವೆ. ಹಾರಿಸಲು ಮಾತ್ರ ಬೇಕಿದ್ದರೆ ಸಂಖ್ಯೆ ಹೊಂದದ, ಶಸ್ತ್ರಾಗಾರದಲ್ಲಿ ರಿಪೇರಿಯಾದ, ಏಣು ಚೂಪಾಗಿರುವ ಕೋವಿಯೇ ಲಾಭ. ಜೊತೆಗೆ ಅದರ ತೋಟಾ ಇಂದಿಗೂ ತಯಾರಾಗುತ್ತಿದೆಯೇ ಎಂಬುದನ್ನು ಬೆಲೆಯ ಭಾಗವಾಗಿಯೇ ಎಣಿಸಬೇಕು. ಇಟಲಿಯ 7.35 ಕಾರ್ಕಾನೊದಂಥ ಕೋವಿಗಳು ಅಗ್ಗವಾಗಿರಲು ಅರ್ಧ ಕಾರಣ ತೋಟಾದ ಅಭಾವ. ಬೇಟೆಗೆಂದು ಮರ ಕತ್ತರಿಸಿ, ರಿಸೀವರಿಗೆ ತೂತು ಕೊರೆದ ಕೋವಿಯನ್ನು ಮೂಲ ರೂಪಕ್ಕೆ ತರುತ್ತೇನೆಂದು ಕೊಳ್ಳುವವರು ಮರ, ಪಟ್ಟಿ, ಸ್ಕ್ರೂಗಳ ಬೆಲೆಯನ್ನು ಮೊದಲೇ ಕೂಡಿಸಿ ನೋಡಬೇಕು. ಬರೀ ಮರ ಕತ್ತರಿಸಿದ್ದರೆ ಲೆಕ್ಕ ಕೂಡಿಬಂದೀತು, ರಿಸೀವರ್ ಕೊರೆದಿದ್ದರೆ ಎಂದಿಗೂ ಕೂಡಿಬರದು.

ಸಂಗ್ರಹಕ್ಕಾದರೆ ಕೇಳುವ ಬೆಲೆಗಳ ಪಟ್ಟಿ ನೋಡಿ ಪ್ರಯೋಜನವಿಲ್ಲ. ಅದೇ ಮಾದರಿ, ಅದೇ ಕಾರ್ಖಾನೆ, ಹತ್ತಿರದ ವರ್ಷ, ಸಮಾನ ಸ್ಥಿತಿಯ ಕೋವಿಗಳು ಹರಾಜಿನಲ್ಲಿ ನಿಜವಾಗಿ ಮಾರಾಟವಾದ ಮೊತ್ತಗಳನ್ನು, ಹರಾಜು ಮನೆಯ ಶುಲ್ಕ ಸೇರಿಸಿ, ಹೋಲಿಸಬೇಕು. ಕೊಂಡ ಮೇಲೆ ಹೊಳಪು ಕೊಡುವುದು, ಬಣ್ಣ ಕಟ್ಟುವುದು, ಮರ ತಿಕ್ಕುವುದು ಯಾವುದನ್ನೂ ಮಾಡಬಾರದು. ಗ್ರೀಸ್ ತೆಗೆದು, ಸಡಿಲ ತುಕ್ಕನ್ನು ಎಣ್ಣೆ ಹಚ್ಚಿದ ಅತಿ ನುಣುಪು ಉಕ್ಕಿನ ನಾರಿನಿಂದ ಮೆಲ್ಲಗೆ ಒರೆಸಿದರೆ ಸಾಕು. ಮರ ಬಿಚ್ಚಿದ್ದಾಗಲೇ ಅಡಿಯ ಮುದ್ರೆಗಳ ಚಿತ್ರ ತೆಗೆದು, ಗೇಜಿನ ಅಳತೆ ಮತ್ತು ದಿನಾಂಕದ ಜೊತೆ ಬರೆದಿಟ್ಟರೆ, ಮುಂದೆ ಮಾರುವಾಗ ಕೊಳ್ಳುವವನು ಮತ್ತೆ ಸ್ಕ್ರೂ ತಿರುಗಿಸಿ ಅವುಗಳ ತಲೆ ಕೆಡಿಸುವುದು ತಪ್ಪುತ್ತದೆ.